ಅಬು ಸಯೀದರ ದೀಪದ ಕಂಬ

ನನ್ನ ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಯಾರಿಗೂ ‘ಬೇಡ’ ಎನ್ನಲು ಬರುವುದಿಲ್ಲ. ಹಾಗೆಂದು ನಾನೇನೂ ಉದಾರಿಯಲ್ಲ. ಮನಸ್ಸಿನೊಳಗೆ ದಿನಕ್ಕೆ ನೂರು ಸಲ ಬೇಡ ಎನ್ನುತ್ತಲೇ ಇರುತ್ತೇನೆ. ಆದರೆ ಆ ಮಾತು ಗಂಟಲಿನವರೆಗೆ ಬಂದು, ಎದುರಿಗಿದ್ದವರ ಮುಖ ನೋಡಿ ನಾಚಿಕೊಂಡು, ‘ಆಯ್ತು, ಪರವಾಗಿಲ್ಲ, ಒಳ್ಳೆಯದೇ ಆಯಿತು’ ಎಂಬ ವೇಷ ತೊಟ್ಟು ಹೊರಗೆ ಬರುತ್ತದೆ. ದುಬೈಯ ಮಾಲ್‌ಗಳಲ್ಲಿ ದಾರಿಗೆ ಅಡ್ಡ ನಿಂತು ಅತ್ತರು ಹಚ್ಚುವವರಿರುತ್ತಾರಲ್ಲ, ಅವರಿಗೆ ನನ್ನನ್ನು ಕಂಡರೆ ಬಲು ಪ್ರೀತಿ. ಒಂದು ಸಂಜೆ ಹಾಲು ತರಲು ಹೋದವನು ಎರಡು ಮಣಿಕಟ್ಟು, ಎರಡು ಮೊಣಕೈ, ಒಂದು ಕಿವಿಯ ಹಿಂಭಾಗ, ಹೀಗೆ ಐದು ಕಡೆ ಐದು ಪರಿಮಳ ಹೊತ್ತು ಮನೆಗೆ ಬಂದೆ. ಹೆಂಡತಿ ಶೈಲಾ ಬಾಗಿಲಲ್ಲೇ ನಿಲ್ಲಿಸಿ, ಒಮ್ಮೆ ಮೂಸಿ, “ಹಾಲೆಲ್ಲಿ?” ಎಂದಳು. ಹಾಲು ಮರೆತಿದ್ದೆ. ರಾಸ್ ಅಲ್ ಖೋರ್‌ನಲ್ಲಿ ನಾನು ಕೆಲಸ ಮಾಡುವ ವಾಹನ ಬಿಡಿಭಾಗಗಳ ಗೋದಾಮಿನಲ್ಲೂ ಅಷ್ಟೇ. ಶುಕ್ರವಾರದ ರಜೆಯಂದು ಯಾರು ಬರಬೇಕು ಎಂಬ ಚರ್ಚೆ ಎಷ್ಟೇ ಬಿಸಿಯಾಗಿರಲಿ, ನಾನು ಕೋಣೆಯೊಳಗೆ ಕಾಲಿಟ್ಟ ಕೂಡಲೇ ತಣ್ಣಗಾಗುತ್ತದೆ.

ನಕ್ಷತ್ರ ನೋಡುವ ಹುಚ್ಚು ನನಗೆ ಅಂಟಿದ್ದೂ ಈ ದೌರ್ಬಲ್ಯದಿಂದಲೇ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಐರ್ಲೆಂಡಿನ ಮೇಷ್ಟ್ರೊಬ್ಬರಿದ್ದರು. ವೀಸಾ ಮುಗಿಸಿ ಊರಿಗೆ ಹೊರಟ ದಿನ ಅವರು ಬಚ್ಚಲಿನ ಹಂಡೆಯಷ್ಟು ದಪ್ಪದ, ಮೂರು ಕಾಲಿನ ಟೆಲಿಸ್ಕೋಪೊಂದನ್ನು ತಬ್ಬಿಕೊಂಡು ನಮ್ಮ ಬಾಗಿಲಿಗೆ ಬಂದರು. ವಿಮಾನದವರು ಇದನ್ನು ಒಯ್ಯಲು ಬಿಡುತ್ತಿಲ್ಲ, ನಿನಗೆ ಆಕಾಶದಲ್ಲಿ ಆಸಕ್ತಿ ಇದೆಯೇ ಎಂದು ಕೇಳಿದರು. “ಓ, ಬಹಳ!” ಎಂದುಬಿಟ್ಟೆ. ಅಲ್ಲಿಯವರೆಗೆ ಆಕಾಶದ ಬಗ್ಗೆ ನನಗಿದ್ದ ತಿಳಿವಳಿಕೆಯೆಂದರೆ ಚೌತಿಯ ದಿನ ಚಂದ್ರನನ್ನು ನೋಡಬಾರದು ಎಂಬುದಷ್ಟೇ. ಆದರೆ ಅದೇ ವಾರ ಆ ಕೊಳವೆಯೊಳಗೆ ಕಣ್ಣಿಟ್ಟು ಶನಿಯ ಬಳೆಯನ್ನು ನೋಡಿದೆ ನೋಡಿ, ನಾನು ಹಾಳಾಗಿ ಹೋದೆ. ಊರಲ್ಲಿ ಎಳ್ಳೆಣ್ಣೆ ಹಚ್ಚಿ ದೂರವಿಡುತ್ತಿದ್ದ ಗ್ರಹ ಅಷ್ಟು ಮುದ್ದಾಗಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ರಾತ್ರಿ ನನಗೆ ನಿಜಕ್ಕೂ ನಿದ್ದೆ ಬರಲಿಲ್ಲ, ಖುಷಿಗೆ.

ತೊಂದರೆಯೆಂದರೆ ನಮ್ಮ ಬಾಲ್ಕನಿಯಲ್ಲಿ ಒಂದು ವಸ್ತುವಿಗೆ ಮಾತ್ರ ಜಾಗ. ಅಲ್ಲಿ ಅದುವರೆಗೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇತ್ತು. ಟೆಲಿಸ್ಕೋಪ್ ಬಂದ ಮೇಲೆ ಸ್ಟ್ಯಾಂಡು ಹಾಲಿಗೆ ಬಂತು, ಟಿವಿಯ ಎದುರಿಗೆ. ಹತ್ತು ವರ್ಷದ ಮಗಳು ನಿಶಾ ಶಾಲೆಯ ಯೂನಿಫಾರ್ಮಿಗೂ ನನ್ನ ಬನಿಯನ್ನಿಗೂ ನಡುವಿನ ಸಂದಿಯಲ್ಲಿ ಕಾರ್ಟೂನು ನೋಡತೊಡಗಿದಳು. ಇಷ್ಟೆಲ್ಲ ತ್ಯಾಗ ಮಾಡಿಸಿ ಬಾಲ್ಕನಿಯಿಂದ ನಾನು ಕಂಡದ್ದಾದರೂ ಏನು? ಚಂದ್ರ, ಗುರು, ಶನಿ, ಆಮೇಲೆ ಇಳಿಯಲು ಸರತಿಯಲ್ಲಿ ನಿಂತ ವಿಮಾನಗಳು. ಮಿಕ್ಕ ಆಕಾಶವೆಲ್ಲ ಹೆದ್ದಾರಿ, ಮಾಲು, ಬಂದರುಗಳ ದೀಪಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ದುಬೈಯಲ್ಲಿ ಮನಸ್ಸು ಮಾಡಿದರೆ ಹಿಮವೂ ಸಿಗುತ್ತದೆ, ನಮ್ಮೂರಿನ ಬಸಳೆ ಸೊಪ್ಪೂ ಸಿಗುತ್ತದೆ. ಒಂದು ಹಿಡಿ ಕತ್ತಲೆ ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಶೈಲಾ ದೇರಾದ ಕ್ಲಿನಿಕ್ಕೊಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಹೆಚ್ಚು ಮಾತಿಲ್ಲ, ಚುಚ್ಚಬೇಕಾದಲ್ಲಿ ಚುಚ್ಚಿ ಹತ್ತಿ ಇಟ್ಟು ಕಳಿಸುತ್ತಾಳೆ. ಒಂದು ಅಕ್ಟೋಬರಿನ ಸಂಜೆ ನನಗೂ ಹಾಗೆಯೇ ಚುಚ್ಚಿದಳು. “ನೋಡಿ ಮಾರಾಯ್ರೆ, ಈ ಚಳಿ ಮುಗಿಯುವುದರೊಳಗೆ ಇದ್ರಲ್ಲಿ ನಂಗೆ ಎಂತಾದ್ರೂ ಒಂದು ತೋರಿಸಿ. ಚಂದ್ರ ಬೇಡ, ಅವ ಬರಿಗಣ್ಣಿಗೇ ಕಾಣ್ತಾನೆ. ಶನಿಯೂ ಬೇಡ, ಮೊಬೈಲಲ್ಲಿ ಇದಕ್ಕಿಂತ ದೊಡ್ಡದು ಉಂಟು. ತೋರಿಸ್ಲಿಕ್ಕೆ ಆಗದಿದ್ರೆ ಇದು ಹೊರಗೆ ಹೋಗ್ಬೇಕು, ನನ್ನ ಸ್ಟ್ಯಾಂಡ್ ಬಾಲ್ಕನಿಗೆ ಬರ್ಬೇಕು.” ನಾನು ಆವೇಶದಲ್ಲಿ ದೇವಯಾನಿಯನ್ನೇ ತೋರಿಸುತ್ತೇನೆಂದು ಮಾತು ಕೊಟ್ಟೆ. ದೇವಯಾನಿ ಎಂದರೆ ನಮ್ಮ ನೆರೆಯ ಗೆಲಾಕ್ಸಿ, ಕೋಟ್ಯಂತರ ಸೂರ್ಯರ ಜಾತ್ರೆ. ಚಳಿಗಾಲದ ಸಂಜೆಗಳಲ್ಲಿ ನೆತ್ತಿಯ ಹತ್ತಿರವೇ ಇರುತ್ತದೆ, ಫೆಬ್ರವರಿ ಕಳೆಯುವಾಗ ಸಂಜೆಯಲ್ಲೇ ಜಾರಿಕೊಳ್ಳತೊಡಗುತ್ತದೆ. ಅದಕ್ಕೆ ಬೇಕಾದದ್ದು ಅಪ್ಪಟ ಕತ್ತಲೆ, ಚಂದ್ರನಿಲ್ಲದ ಸಂಜೆ ಮತ್ತು ಮಾರನೆಯ ದಿನ ರಜೆ. ಅಂದರೆ ತಿಂಗಳಿಗೆ ಒಂದೋ ಎರಡೋ ಗುರುವಾರ.

ಜಾಗ ಹುಡುಕಲು ನನಗೆ ಜೊತೆಯಾದವನು ಗೆಳೆಯ ಮೆಲ್ವಿನ್. ಶಿರ್ವದವನು, ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಮರಳಿನಲ್ಲಿ ಓಡುವ ದೊಡ್ಡ ಗಾಡಿ ಇರುವುದು ಅವನ ಮುಖ್ಯ ಅರ್ಹತೆ. ಅವನು ಮರುಭೂಮಿಯನ್ನೂ ಹೋಟೆಲಿನ ಕೋಣೆಯಂತೆಯೇ ತಪಾಸಣೆ ಮಾಡುತ್ತಿದ್ದ. ಗಾಡಿಯಿಳಿದು ಬೂಟಿನಿಂದ ಮರಳು ಕೆದಕಿ, “ಇಲ್ಲಿ ಕ್ಲೀನ್ ಇಲ್ಲ ಮಾರಾಯ” ಎಂದು ಮೂಗು ಮುರಿಯುವವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ ಕುದ್ರಾದ ಕೆರೆಗಳ ಬಳಿ ಹೋದೆವು. ಅಲ್ಲಿ ನಕ್ಷತ್ರಗಳಿಗಿಂತ ಹೆಚ್ಚು ಬಾರ್ಬೆಕ್ಯೂ ಒಲೆಗಳಿದ್ದವು, ಹೊಗೆಯ ನಡುವೆ ಪರಿಚಯದವರೇ ಸಿಕ್ಕಿ ಕೋಳಿ ತಿನ್ನಿಸಿದರು, ನಾನು ಬೇಡ ಎನ್ನಲಿಲ್ಲ. ಇನ್ನೊಂದು ಕಡೆ ಹಗಲಲ್ಲಿ ಹೋಗಿ ನೋಡಿ, ಏನು ಏಕಾಂತ ಎಂದು ಹಿಗ್ಗಿ, ಸಂಜೆ ಟೆಲಿಸ್ಕೋಪ್ ಹೊತ್ತು ಹೋದರೆ ಅದು ಜಲ್ಲಿ ಲಾರಿಗಳು ಬಂದು ತಂಗುವ ಬಯಲು. ಮೂರು-ನಾಲ್ಕು ಗಂಟೆ ದೂರದ ಲಿವಾ ಕಡೆ ಹೋದರೆ ಕತ್ತಲೆಯೇನೋ ಅಮೋಘ, ಆದರೆ ಅಲ್ಲಿಗೆ ಮುಟ್ಟುವಾಗ ನಮ್ಮ ಕಣ್ಣೇ ಕತ್ತಲೆಯಾಗಿರುತ್ತಿತ್ತು. ಇದರ ಮೇಲೆ ಶೈಲಾಳದೊಂದು ಷರತ್ತು. ಎಷ್ಟು ದೂರವಾದರೂ ಸರಿ, ಹತ್ತಿರದಲ್ಲಿ ಒಂದು ಶೌಚಾಲಯ ಇರಬೇಕು. ಖಗೋಳಶಾಸ್ತ್ರದ ಪುಸ್ತಕಗಳಲ್ಲಿ ಈ ವಿಷಯದ ಬಗ್ಗೆ ಒಂದು ಅಕ್ಷರವಿಲ್ಲ. ಶೌಚಾಲಯ ಇರುವಲ್ಲೆಲ್ಲ ದೀಪವಿರುತ್ತದೆ, ಶೌಚಾಲಯವಿಲ್ಲದ ಕಡೆಗೆ ಶೈಲಾ ಬರುವುದಿಲ್ಲ. ಈ ಲೆಕ್ಕವನ್ನು ಬಿಡಿಸಿದವರಿಗೆ ದೊಡ್ಡ ಬಹುಮಾನವನ್ನೇ ಕೊಡಬೇಕು.

ಬಹುಮಾನ ನಮಗೇ ಬಂತು ಎಂದುಕೊಂಡೆವು. ನವೆಂಬರಿನಲ್ಲಿ ಅಬುಧಾಬಿಯಿಂದ ಅಲ್ ಐನ್‌ಗೆ ಹೋಗುವ ರಸ್ತೆಯಲ್ಲಿ ತಪ್ಪು ತಿರುವು ತೆಗೆದುಕೊಂಡು, ಮರಳು ದಿಬ್ಬಗಳ ಹಿಂದೆ ಒಂದು ಒಂಟೆ ತೋಟಕ್ಕೆ ಹೋಗಿ ಮುಟ್ಟಿದೆವು. ನಲವತ್ತು ಒಂಟೆಗಳು, ನಾಲ್ಕು ಖರ್ಜೂರದ ಮರ, ಮೂಲೆಯಲ್ಲಿ ಹೆಂಚು ಹಾಕಿ ಲಕಲಕ ತೊಳೆದಿಟ್ಟ ಶೌಚಾಲಯ. ಮೆಲ್ವಿನ್ ಅದರೊಳಗೆ ಹೋಗಿ ಹೊರಬಂದು, ನಲ್ಲಿ ಕೂಡ ತಿರುಗಿಸಿ ನೋಡಿದ್ದೇನೆ ಎಂಬಂತೆ ತಲೆದೂಗಿ, “ಫೈವ್ ಸ್ಟಾರ್” ಎಂದ. ಸೂರ್ಯ ಮುಳುಗಿದ್ದೇ ತಡ, ಕತ್ತಲೆ ಕಂಬಳಿ ಹೊದಿಸಿದ ಹಾಗೆ ಬಂತು. ಬೇಲಿಯಾಚೆ ಟೆಲಿಸ್ಕೋಪ್ ನಿಲ್ಲಿಸುವಷ್ಟರಲ್ಲಿ ಬಿಳಿ ಗಾಡಿಯೊಂದು ಬಂದು, ಹೆಡ್‌ಲೈಟನ್ನು ನೇರ ನಮ್ಮ ಮುಖಕ್ಕೆ ಹಿಡಿದು ನಿಂತಿತು. ಇಳಿದವರು ತೋಟದ ಯಜಮಾನರು, ಅಬು ಸಯೀದ್ ಎಂದು ಹೆಸರು. ಅರವತ್ತು ದಾಟಿದ ಎಮಿರಾಟಿ, ಬೆಳ್ಳನೆಯ ಗಡ್ಡ. ಇಲ್ಲಿಯ ಹಿರಿಯರಂತೆ ಅವರಿಗೂ ಹಿಂದಿ ಚೆನ್ನಾಗಿ ಬರುತ್ತಿತ್ತು.

“ಅಂಧೇರೇ ಮೇ ಕ್ಯೋಂ ಬೈಠಾ? ಗಾಡಿ ಖರಾಬ್?” ಎಂದರು.

ನಕ್ಷತ್ರ ನೋಡಲು ಬಂದವರು ಎಂದೆವು. ಅವರ ಮುಖ ಅರಳಿತು. ಅವರ ಅಜ್ಜ ನಕ್ಷತ್ರ ನೋಡಿಕೊಂಡೇ ಒಂಟೆ ಹೊಡೆದು ಮೂರು ದಿನದ ದಾರಿ ಹೋಗುತ್ತಿದ್ದರಂತೆ. ಕೃತ್ತಿಕೆಯನ್ನು ತೋರಿಸಿ ‘ಥುರಯ್ಯಾ’ ಎಂದರು, ಸುಹೈಲ್ ನಕ್ಷತ್ರ ಮೂಡಿದ ಮೇಲೆಯೇ ಬೇಸಗೆಯ ಸೊಕ್ಕು ಮುರಿಯುವುದು ಎಂದರು. ಎಷ್ಟು ಗುರುವಾರ ಬೇಕಾದರೂ ಬನ್ನಿ, ಇದು ನಿಮ್ಮದೇ ಮನೆ ಎಂದರು. ಕಾವಾ ಎಂಬ ಅರಬ್ಬಿ ಕಾಫಿ, ಖರ್ಜೂರ ತರಿಸಿದರು. ಹೊರಡುವಾಗ, ಅತಿಥಿಗಳು ಕತ್ತಲಲ್ಲಿ ಕೂರುವುದೇ ಎಂದು ಒಂದು ದೊಡ್ಡ ಬ್ಯಾಟರಿ ಲಾಂದ್ರವನ್ನು ಟೆಲಿಸ್ಕೋಪಿನ ಪಕ್ಕದಲ್ಲೇ ಹಚ್ಚಿಟ್ಟರು. ನಾನು ಎದೆಯ ಮೇಲೆ ಕೈಯಿಟ್ಟು, “ಬಹುತ್ ಅಚ್ಛಾ, ಬಹುತ್ ಅಚ್ಛಾ, ಶುಕ್ರನ್” ಎಂದೆ. ಅವರ ಗಾಡಿ ಮರೆಯಾದ ಮೇಲೆ ಮೆಲ್ವಿನ್ ಲಾಂದ್ರದ ಮೇಲೆ ಬಕೆಟ್ ಕವುಚಿದ. ಆಮೇಲಿನ ಅರ್ಧ ಗಂಟೆ ಏನು ಹೇಳಲಿ! ದೇವಯಾನಿ ಬರಿಗಣ್ಣಿಗೇ ಕಾಣುತ್ತಿತ್ತು. ನನ್ನ ಬಾಲ್ಕನಿ ಉಳಿಯಿತು ಎಂದು ನಾನು ಆ ಮರಳಿನ ಮೇಲೆ ಹಿಗ್ಗಿ ಎರಡು ಹೆಜ್ಜೆ ಕುಣಿದಿದ್ದೂ ಉಂಟು. ಮೆಲ್ವಿನ್ ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಎಲ್ಲರಿಗೂ ಹೇಳಿದ್ದಾನೆ.

ಮುಂದಿನ ತಿಂಗಳು ಶೈಲಾ, ನಿಶಾ ಇಬ್ಬರನ್ನೂ ಕರೆದುಕೊಂಡು ಹೋದೆ. ಕುಟುಂಬ ಸಮೇತ ಬರುತ್ತೇನೆಂದು ಮುಂಚೆಯೇ ಫೋನು ಮಾಡಿ ತಿಳಿಸಿದ್ದು ನನ್ನ ಬುದ್ಧಿವಂತಿಕೆ. ಹೆದ್ದಾರಿಯಿಂದ ತಿರುಗುವಾಗಲೇ ದಿಬ್ಬದ ಹಿಂದೆ ಏನೋ ಹೊಳೆಯುತ್ತಿತ್ತು. ಅಬು ಸಯೀದರ ಮಗನ ಮದುವೆಗೆ ಮನೆಯ ಮಾಳಿಗೆಯಿಂದ ನೆಲದವರೆಗೆ ಇಳಿಬಿಟ್ಟಿದ್ದ ದೀಪದ ಸರಗಳು ಈಗ ಬೇಲಿ, ಖರ್ಜೂರದ ಮರ, ನೀರಿನ ಟ್ಯಾಂಕಿನ ಮೇಲೆಲ್ಲ ಜಗಜಗಿಸುತ್ತಿದ್ದವು. ಪಕ್ಕದಲ್ಲಿ ಜನರೇಟರ್ ಗುಡುಗುಡು ಎನ್ನುತ್ತಿತ್ತು. “ಹೆಂಗಸರು ಮಕ್ಕಳು ಬರುತ್ತಾರೆ ಎಂದೆಯಲ್ಲ” ಎಂದು ಅವರು ಹೆಮ್ಮೆಯಿಂದ ನಕ್ಕರು. “ಪಾಪಾ, ಇಟ್ಸ್ ಲೈಕ್ ಎ ಮಾಲ್!” ಎಂದು ನಿಶಾ ಕುಣಿದಾಡಿದಳು. ನಾನು “ಲಾ, ಲಾ, ಇದೆಲ್ಲ ಯಾಕೆ, ನಮಗೋಸ್ಕರ ಇಷ್ಟೆಲ್ಲ ತೊಂದರೆ ಬೇಡ” ಎಂದೆ. ನಗುತ್ತಾ, ಕೈಯಾಡಿಸುತ್ತಾ, ತಲೆತಗ್ಗಿಸಿ ಎಂದೆ. ಅವರು ಇನ್ನೆರಡು ಸರ ತರಿಸಿದರು.

ತಪ್ಪು ಅವರದಲ್ಲ. ನಾನು ಬೇಡ ಎನ್ನಲು ಕಲಿತದ್ದು ನಮ್ಮೂರಿನ ಊಟದ ಪಂಕ್ತಿಯಲ್ಲಿ. ಕಾರ್ಕಳದ ನಮ್ಮ ಮಾವನ ಮನೆಯಲ್ಲಿ ಪಾಯಸ ಬಂತೆಂದರೆ ಎರಡೂ ಅಂಗೈಗಳನ್ನು ಎಲೆಯ ಮೇಲೆ ಕೊಡೆಯಂತೆ ಹಿಡಿದು ಬೇಡ ಬೇಡ ಎನ್ನಬೇಕು. ಬಡಿಸುವವರು ಬೆರಳ ಸಂದಿಯಿಂದಲೇ ಹುಯ್ಯಬೇಕು. ಹುಯ್ಯದೆ ಮುಂದೆ ಹೋದರೆ, ಬೇಡ ಎಂದವನು ಮೂರು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಹೀಗೆ ಬೇಡ ಎಂಬ ಮಾತನ್ನು ಬೇಕು ಎಂಬರ್ಥದಲ್ಲಿ ಮಾತ್ರ ಬಳಸಿ ಬೆಳೆದವನು ನಾನು. ಅಬು ಸಯೀದರ ಮನೆತನದಲ್ಲೂ ಅತಿಥಿಯ ನಿರಾಕರಣೆಗೆ ಇಷ್ಟೇ ಬೆಲೆಯೆಂದು ಕಾಣುತ್ತದೆ. ಒಂದೇ ವಿದ್ಯೆಯ ಇಬ್ಬರು ಪಂಡಿತರು ಎದುರುಬದುರಾದ ಮೇಲೆ ಕತ್ತಲೆಗೆ ಉಳಿಗಾಲವೆಲ್ಲಿ? ಶೈಲಾ ಆ ದಿನ ಟೆಲಿಸ್ಕೋಪಿನಲ್ಲಿ ಕಂಡದ್ದು ದೀಪದ ಸರದ ಪ್ರತಿಬಿಂಬ. “ಇದಾ ನಿಮ್ಮ ದೇವಯಾನಿ? ಕೆಂಪು ಹಸುರು ಮಿಣಿಮಿಣಿ ಅಂತದೆ” ಎಂದಳು. ತಾನು ಮಾಡಿಕೊಂಡು ಬಂದಿದ್ದ ಗೋಳಿಬಜೆಯ ಡಬ್ಬಿ ಅಬು ಸಯೀದರ ಕೈಗೆ ಕೊಟ್ಟಳು.

ಆಮೇಲಿನ ದಿನಗಳಲ್ಲಿ ನಾನೂ ಮೆಲ್ವಿನ್ನೂ ಫೋನಿನಲ್ಲಿ ಉಪಾಯ ಹುಡುಕಿದ್ದೇ ಹುಡುಕಿದ್ದು. ನಿಜ ಹೇಳಿಬಿಡು ಎಂದು ಅವನು, ಹೇಗೆ ಹೇಳುವುದೆಂದು ನಾನು. ಬಚ್ಚಲುಮನೆಯ ಕನ್ನಡಿಯೆದುರು ಹುಬ್ಬು ಗಂಟಿಕ್ಕಿ “ಲೈಟ್ ಮಾಫಿ! ಖಲಾಸ್!”, ಅಂದರೆ ಲೈಟ್ ಇಲ್ಲ, ಮುಗೀತು, ಎಂದು ಅಭ್ಯಾಸ ಮಾಡಿದೆ. ಹೊರಗಿನಿಂದ ಶೈಲಾ, “ಬಲ್ಬ್ ಹೋಯ್ತಾ?” ಎಂದು ಕೇಳಿದಳು. ಇಲ್ಲ ಎಂದೆ. ನಿಮಗೇ ಆಶ್ಚರ್ಯವಾಗಬಹುದು, ಅಬು ಸಯೀದರಿಗೆ ಒಂದು ಮಾತು ಹೇಳಲಾಗದೆ ನಾನು ಬೇರೆ ಜಾಗ ಹುಡುಕಲೂ ಯೋಚಿಸಿದ್ದೆ. ಆದರೆ ಅಂಥ ಕತ್ತಲೆ, ಅಂಥ ಶೌಚಾಲಯ ಒಟ್ಟಿಗೆ ಇನ್ನೆಲ್ಲಿ ಸಿಗಬೇಕು?

ಜನವರಿಯ ಮೊದಲ ವಾರದಲ್ಲಿ ಅವರದೇ ಫೋನು ಬಂತು. “ನಿಮಗೊಂದು ಸರ್ಪ್ರೈಸ್, ಯಲ್ಲಾ, ಇದೇ ಗುರುವಾರ ಬನ್ನಿ.” ಹೋಗಿ ನೋಡಿದರೆ ನಮ್ಮ ಟೆಲಿಸ್ಕೋಪಿನ ಕಾಲು ಮರಳಲ್ಲಿ ಹೂಳುತ್ತಿದ್ದುದನ್ನು ಗಮನಿಸಿ, ಆ ಪುಣ್ಯಾತ್ಮರು ಅಲ್ಲೊಂದು ಸಿಮೆಂಟಿನ ಕಟ್ಟೆಯನ್ನೇ ಕಟ್ಟಿಸಿದ್ದರು. ನೀರಿನ ಹಾಗೆ ಸಮತಟ್ಟು, ಕೂರಲು ಸುತ್ತ ಜಗಲಿ ಬೇರೆ. ಜಗತ್ತಿನ ಎಷ್ಟೋ ಹವ್ಯಾಸಿ ಖಗೋಳಿಗರು ಕನಸಿನಲ್ಲಿ ಮಾತ್ರ ಕಾಣುವಂಥ ಕಟ್ಟೆ. ಅದರ ನಟ್ಟನಡುವೆ ಒಂದು ದೀಪದ ಕಂಬ. ಹೆದ್ದಾರಿಯಲ್ಲಿರುವಂಥದ್ದೇ, ನಾಲ್ಕು ಕಡೆಗೆ ನಾಲ್ಕು ಲೈಟು. ಸ್ವಿಚ್ಚಿನ ಪೆಟ್ಟಿಗೆಗೆ ಹಸಿರು ರಿಬ್ಬನ್ ಕಟ್ಟಿತ್ತು. ಉದ್ಘಾಟನೆ ನಾನೇ ಮಾಡಬೇಕೆಂದು ಅವರ ಹಟ. ತೋಟದ ಕೆಲಸದವರು, ಅವರ ಇಬ್ಬರು ತಮ್ಮಂದಿರು, ಮೆಲ್ವಿನ್, ಶೈಲಾ, ನಿಶಾ ಎಲ್ಲರೂ ಸುತ್ತ ನಿಂತರು. ನಾನು ರಿಬ್ಬನ್ ಬಿಚ್ಚಿ ಸ್ವಿಚ್ ಒತ್ತಿದೆ. ಒತ್ತಿದ ಕ್ಷಣ ಆಕಾಶ ಇಡೀ ಒರೆಸಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೆಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ. “ಪಾಪಾ, ಬಟ್ ವೈ ಆರ್ ಯೂ ಕ್ಲ್ಯಾಪಿಂಗ್?” ಎಂದು ನಿಶಾ ಕೇಳಿದಳು. ಮಕ್ಕಳಿಗೆ ಎಲ್ಲವನ್ನೂ ವಿವರಿಸಲಾಗುವುದಿಲ್ಲ.

ಹಿಂದಿರುಗುವಾಗ ಶೈಲಾ ಗಾಡಿಯಲ್ಲಿ ಒಂದೇ ಮಾತು ಹೇಳಿದಳು: “ಮುಂದಿನ ತಿಂಗಳು ಕೊನೇ ಸಲ.” ಅದು ನನ್ನ ಎದೆಗೆ ನಾಟಿತು. ಇಲ್ಲಿಯವರೆಗೆ ತಮಾಷೆಯಾಗಿ ಬರೆದೆನಾದರೂ, ಆ ಟೆಲಿಸ್ಕೋಪ್ ಹೋಗುವುದನ್ನು ನೆನೆದರೆ ನನಗೆ ಅಳುವೇ ಬರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬ್ರೇಕ್ ಪ್ಯಾಡುಗಳ ಪೆಟ್ಟಿಗೆ ಎಣಿಸುವವನಿಗೆ ಅದೊಂದೇ ಕಿಟಕಿ. ಇದನ್ನು ಶೈಲಾಗೆ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿರಲಿಲ್ಲ.

ಫೆಬ್ರವರಿಯ ಆ ಗುರುವಾರ ಏಳೂವರೆಗೆ ನಾವು ಕಟ್ಟೆಯ ಮೇಲಿದ್ದೆವು. ದೇವಯಾನಿ ಪಶ್ಚಿಮಕ್ಕೆ ವಾಲುತ್ತಿದೆಯೆಂದು ನಕ್ಷೆ ಹೇಳುತ್ತಿತ್ತು. ಕಂಬ ಧಗಧಗ ಬೆಳಗುತ್ತಿತ್ತು. ಅಬು ಸಯೀದರು ಜಗಲಿಯ ಮೇಲೆ ಕೂತು ಶೈಲಾ ತಂದ ಗೋಳಿಬಜೆಯನ್ನು ಒಂದೊಂದಾಗಿ ಮುಗಿಸುತ್ತಿದ್ದರು. ನಾನು ಮೂರು ಸಲ ಅವರ ಬಳಿ ಹೋಗಿ, ಮೂರು ಸಲ ಹವಾಮಾನದ ಬಗ್ಗೆ ಮಾತಾಡಿ ವಾಪಸು ಬಂದೆ. ಮೆಲ್ವಿನ್ ಕಣ್ಣಲ್ಲೇ ನನ್ನನ್ನು ಬೈಯುತ್ತಿದ್ದ. “ಎಷ್ಟೊತ್ತಿಗೆ ಮುಳುಗ್ತದೆ ಅದು?” ಎಂದು ಶೈಲಾ ಕೇಳಿದಳು. ಇನ್ನೊಂದು ಗಂಟೆಯೊಳಗೆ ತೀರಾ ಕೆಳಗೆ ಹೋಗುತ್ತದೆ ಎಂದೆ. ಅವಳು ಎದ್ದು, ಸೆರಗು ಸಿಕ್ಕಿಸಿ, ನೆಟ್ಟಗೆ ಕಂಬದ ಬಳಿ ಹೋಗಿ ಸ್ವಿಚ್ ಆರಿಸಿಬಿಟ್ಟಳು.

ತೋಟದ ಯಜಮಾನರ ಎದುರಿಗೆ, ಅವರು ನಮಗೋಸ್ಕರವೇ ಹಾಕಿಸಿದ ದೀಪವನ್ನು! ಬೇಲಿಯಾಚೆ ಒಂಟೆಯೊಂದು ದೀರ್ಘವಾಗಿ ಉಸಿರು ಬಿಟ್ಟಿತು. ಕ್ಷಮಿಸಿ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಜಗಲಿಯಿಂದ ಅಬು ಸಯೀದರ ದನಿ ಬಂತು. “ಅಲ್ಹಮ್ದುಲಿಲ್ಲಾಹ್. ಬಹೆನ್, ತುಮ್ ಬಹುತ್ ಅಚ್ಛಾ ಕಾಮ್ ಕಿಯಾ.”

ಆಮೇಲೆ ಒಂದೊಂದಾಗಿ ಹೊರಬಿತ್ತು. ಒಂದು ತಿಂಗಳಿಂದ ಅವರ ಒಂಟೆಗಳು ಸರಿಯಾಗಿ ಮಲಗಿಲ್ಲ, ಹಾಲು ಕಮ್ಮಿಯಾಗಿದೆ. ಅವರಿಗೇ ಈ ಕಂಬ ಕಂಡರೆ ಆಗುವುದಿಲ್ಲ. ಅಜ್ಜ ತೋರಿಸಿದ ಆಕಾಶವನ್ನು ಸ್ವಂತ ತೋಟದಲ್ಲಿ ತಾವೇ ಕಳೆದುಕೊಂಡೆವಲ್ಲ ಎಂದು ದಿನಾ ಸಂಕಟಪಟ್ಟಿದ್ದಾರೆ. ದೀಪ ಆರಿಸಿದ್ದಾಗ ನಾವು ಅಚಾನಕ್ ಬಂದರೆ ನಮಗೆ ಬೇಜಾರಾದೀತೆಂದು ದಿನಾ ಸಂಜೆ ಹಚ್ಚಿಸುತ್ತಿದ್ದರಂತೆ. “ಹಾಗಾದರೆ ಹಾಕಿಸಿದ್ದು ಯಾಕೆ?” ಎಂದು ಮೆಲ್ವಿನ್ ಕೇಳಿಯೇಬಿಟ್ಟ. “ಇವನಿಗೋಸ್ಕರ,” ಎಂದರು ಅಬು ಸಯೀದ್. ಕತ್ತಲಾದರೂ ಅವರ ಬೆರಳು ಯಾರ ಕಡೆಗಿದೆಯೆಂದು ನನಗೆ ಗೊತ್ತಾಯಿತು. “ಮೊದಲನೇ ದಿನ ಲಾಂದ್ರ ಇಟ್ಟಾಗ ಎಷ್ಟು ಸಂತೋಷಪಟ್ಟ! ದೀಪ ಹಚ್ಚಿದಾಗ ಎಷ್ಟು ಜೋರಾಗಿ ಚಪ್ಪಾಳೆ ಹೊಡೆದ! ನನ್ನ ಮಗ ಕೂಡ ನಾನು ಕೊಟ್ಟದ್ದಕ್ಕೆ ಅಷ್ಟು ಖುಷಿಪಟ್ಟಿಲ್ಲ.” ಮೆಲ್ವಿನ್ ನಗಲು ಶುರು ಮಾಡಿದವನು ಮರಳಿನ ಮೇಲೆ ಕೂತೇ ಬಿಟ್ಟ.

ಕಣ್ಣು ಕತ್ತಲೆಗೆ ಪಳಗಲು ಕಾಲು ಗಂಟೆ ಬೇಕು. ನಾನು ಟೆಲಿಸ್ಕೋಪ್ ತಿರುಗಿಸಿ ದೇವಯಾನಿಯನ್ನು ಹಿಡಿದೆ. ಅಬು ಸಯೀದರು ನೋಡಿ ‘ಮಾಶಾಅಲ್ಲಾಹ್’ ಎಂದರು. ನಿಶಾ ನೋಡಿ “ಪಾಪಾ, ಇಟ್ಸ್ ಬ್ಲರ್ರಿ” ಎಂದಳು. ಶೈಲಾ ಬಗ್ಗಿ ಕಣ್ಣಿಟ್ಟಳು.

“ಯಾವುದು? ಈ ಹೊಗೆಯ ಹಾಗೆ ಇರುವುದಾ?”

“ಹೌದು, ಅದೇ. ಆ ಬೆಳಕು ಅಲ್ಲಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷ ಆಯ್ತು.”

ಅವಳು ಬಹಳ ಹೊತ್ತು ನೋಡಿದಳು, ಅಥವಾ ನನಗೆ ಬಹಳ ಹೊತ್ತು ಎನಿಸಿತು. ತಲೆಯೆತ್ತಿ, ಒಂದು ಸಲ ನನ್ನ ಕಡೆಗೆ ತಿರುಗಿ, “ಚಂದ ಉಂಟು” ಎಂದಳು. ಅಷ್ಟೇ. ಆಮೇಲೆ ಡಬ್ಬಿ ತೊಳೆದಿಡಲು ಹೋದಳು.

ಟೆಲಿಸ್ಕೋಪ್ ಈಗಲೂ ಬಾಲ್ಕನಿಯಲ್ಲಿದೆ, ಬಟ್ಟೆ ಹಾಲಿನಲ್ಲೇ ಒಣಗುತ್ತಿದೆ, ಶೈಲಾ ಆ ಮಾತೆತ್ತಿಲ್ಲ. ಮೆಲ್ವಿನ್ ಪ್ರಕಾರ ನಾನು ಗೆದ್ದಿದ್ದೇನೆ. ನಾನೂ ಹಾಗೆಯೇ ತಿಳಿದು ನೆಮ್ಮದಿಯಾಗಿದ್ದೆ. ಆದರೆ ಮೊನ್ನೆ ಕಪಾಟಿನಲ್ಲಿ ಪಾಸ್‌ಪೋರ್ಟ್ ಹುಡುಕುವಾಗ, ಎರಡು ವರ್ಷದ ಹಿಂದೆ ನನ್ನ ಅಕ್ಕ ಊರಿಂದ ಕಳಿಸಿದ ನೇರಳೆ ಬಣ್ಣದ ಸೀರೆ ಕೈಗೆ ಸಿಕ್ಕಿತು. ಮಡಿಕೆ ಮುರಿದಿರಲಿಲ್ಲ, ಅಂಗಡಿಯ ಚೀಟಿಯೂ ಹಾಗೆಯೇ ಇತ್ತು. ಆ ಸೀರೆ ಬಂದ ದಿನ ಶೈಲಾ ಅಕ್ಕನಿಗೆ ಫೋನು ಮಾಡಿ, ಇದೇ ದನಿಯಲ್ಲಿ, ಇದೇ ರಾಗದಲ್ಲಿ “ಚಂದ ಉಂಟು” ಎಂದಿದ್ದಳು. ಮೊನ್ನೆಯಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ದೇವಯಾನಿ ನಿಜವಾಗಿಯೂ ಚಂದ ಕಂಡಳೋ, ಅಥವಾ ಕತ್ತಲಲ್ಲಿ ನನ್ನ ಮುಖ ಹೇಗಿದ್ದಿರಬಹುದೆಂದು ಊಹಿಸಿ ಹಾಗೆಂದಳೋ? ರಕ್ತ ತೆಗೆಯುವವಳು, ನೇರ ಕೇಳಿದರೆ ನೇರವಾಗಿಯೇ ಹೇಳುತ್ತಾಳೆ. ನಾನು ಕೇಳಿಲ್ಲ.